ಹಾರ್ಲೆಮ್‌ನಲ್ಲಿ ಸ್ತನದಲ್ಲಿ ಗಂಟು ಸಿಕ್ಕ ಮೇಲೆ ಏನಾಗುತ್ತಿತ್ತು?

ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್ ದ್ವೀಪದಲ್ಲಿ ಕೆಲವೇ ಮೈಲಿ ಅಂತರದಲ್ಲಿ ಎರಡು ಆಸ್ಪತ್ರೆಗಳಿವೆ. ಒಂದು ಮೆಮೋರಿಯಲ್ ಸ್ಲೋನ್ ಕೆಟರಿಂಗ್. ಕ್ಯಾನ್ಸರ್ ಚಿಕಿತ್ಸೆ ಅಂದರೆ ಜಗತ್ತಿನಲ್ಲೇ ಮೊದಲು ನೆನಪಾಗುವ ಹೆಸರುಗಳಲ್ಲಿ ಅದೂ ಒಂದು. ಇನ್ನೊಂದು ಹಾರ್ಲೆಮ್ ಆಸ್ಪತ್ರೆ. ಅದು ನಗರದ ಸರ್ಕಾರಿ ಆಸ್ಪತ್ರೆ. ಸುತ್ತ ಇದ್ದವರು ಬಹುತೇಕ ಕಪ್ಪು ಜನ, ಅದರಲ್ಲೂ ಬಡವರೇ ಜಾಸ್ತಿ. ಹೆರಾಲ್ಡ್ ಫ್ರೀಮನ್ ಎಂಬ ಸರ್ಜನ್ ಮೊದಲನೆಯದರಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಕಲಿತು 1967ರಲ್ಲಿ ಎರಡನೆಯದಕ್ಕೆ ಕೆಲಸಕ್ಕೆ ಬಂದರು.

ಕಲಿತ ಕೈ ಅದೇ. ಆದರೆ ಹಾರ್ಲೆಮ್‌ನಲ್ಲಿ ಅವರ ಮುಂದೆ ಬಂದು ಕೂರುತ್ತಿದ್ದ ಎಷ್ಟೋ ಹೆಂಗಸರಿಗೆ ಆ ಕೈಯಿಂದ ಮಾಡಲು ಏನೂ ಉಳಿದಿರುತ್ತಿರಲಿಲ್ಲ. ಸ್ತನದ ಗೆಡ್ಡೆ ಚರ್ಮ ಒಡೆದು ಹುಣ್ಣಾಗಿರುತ್ತಿತ್ತು, ಕೆಲವರಿಗೆ ರಕ್ತ ಸೋರುತ್ತಿತ್ತು. ಅಂಥ ಸ್ಥಿತಿಗೆ ಬರಲು ತಿಂಗಳುಗಳಲ್ಲ, ಬಹಳ ಸಲ ವರ್ಷಗಳೇ ಬೇಕು. ಅಷ್ಟು ದಿನ ಇವರೆಲ್ಲ ಎಲ್ಲಿದ್ದರು?

ಈ ಪ್ರಕರಣದಲ್ಲಿ ನೋಡಬೇಕಾದದ್ದು ಆ ಪ್ರಶ್ನೆಯನ್ನೇ. ಇದು ಒಬ್ಬ ರೋಗಿಯ ಕಥೆಯಲ್ಲ, ಒಂದು ಆಸ್ಪತ್ರೆ ಮತ್ತು ಅದರ ಸುತ್ತಲಿನ ಜನರ ಕಥೆ. ಸುಮಾರು ಮೂರೂವರೆ ದಶಕದ ಲೆಕ್ಕ ಇದರಲ್ಲಿ ಸಿಗುತ್ತದೆ. ಬಡತನದಿಂದ ಕ್ಯಾನ್ಸರ್ ಚಿಕಿತ್ಸೆ ಕೆಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ದಾರಿಯ ಯಾವ ಜಾಗದಲ್ಲಿ ಕೆಡುತ್ತದೆ ಅಂತ ಬೆರಳಿಟ್ಟು ತೋರಿಸಿದ ಉದಾಹರಣೆಗಳು ಕಡಿಮೆ. ಹಾರ್ಲೆಮ್ ಅಂಥದ್ದೊಂದು.

ಮೊದಲ ಲೆಕ್ಕ

1964ರಿಂದ 1986ರವರೆಗೆ ಹಾರ್ಲೆಮ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ 606 ಸ್ತನ ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ಫ್ರೀಮನ್ ಮತ್ತು ಜೊತೆಯವರು ಒಟ್ಟು ಹಾಕಿದರು. ಮೊದಲನೇ ಹಂತದಲ್ಲಿ ಬಂದವರು ನೂರಕ್ಕೆ 6 ಮಂದಿ ಮಾತ್ರ. ಸುಮಾರು ಅರ್ಧದಷ್ಟು ಜನ ಬಂದಿದ್ದು ಮೂರನೇ ಅಥವಾ ನಾಲ್ಕನೇ ಹಂತದಲ್ಲಿ. ಐದು ವರ್ಷ ಬದುಕಿದವರು 39 ಶೇಕಡಾ. 1970ರ ದಶಕದ ನಡುವಿನ ಹೊತ್ತಿಗೆ ಅಮೆರಿಕದ ಕಪ್ಪು ಮಹಿಳೆಯರ ಒಟ್ಟು ಸರಾಸರಿಯೇ 60 ಶೇಕಡಾ ದಾಟಿತ್ತು, ಬಿಳಿಯರದ್ದು ಇನ್ನೂ ಮೇಲಿತ್ತು. ಅಂದರೆ ಮೊದಲೇ ಹಿಂದೆ ಬಿದ್ದಿದ್ದ ಗುಂಪಿನಲ್ಲೂ ಹಾರ್ಲೆಮ್ ಇನ್ನಷ್ಟು ಹಿಂದೆ.

ಹಂತ ಅನ್ನುವುದು ಎಷ್ಟು ಮುಖ್ಯ ಅಂತ ಸ್ವಲ್ಪ ಹೇಳಬೇಕು. ಒಂದನೇ ಹಂತದಲ್ಲಿ ಗೆಡ್ಡೆ ಸಾಮಾನ್ಯವಾಗಿ ಎರಡು ಸೆಂಟಿಮೀಟರ್ ಒಳಗಿರುತ್ತದೆ. ತೆಗೆದುಹಾಕಿದರೆ ಹೆಚ್ಚಿನವರು ಉಳಿಯುತ್ತಾರೆ. ಮೂರನೇ ಹಂತಕ್ಕೆ ಬಂದಾಗ ಕಂಕುಳಿನ ಗ್ರಂಥಿಗಳಿಗೆ, ಚರ್ಮಕ್ಕೆ ಅಥವಾ ಎದೆಗೂಡಿನ ಗೋಡೆಗೆ ಹಬ್ಬಿರುತ್ತದೆ. ನಾಲ್ಕರಲ್ಲಿ ಮೂಳೆ, ಶ್ವಾಸಕೋಶ, ಯಕೃತ್ತು. ಅಲ್ಲಿ ಡಾಕ್ಟರು ಆಯಸ್ಸು ಸ್ವಲ್ಪ ಎಳೆಯಬಹುದು, ನೋವು ಕಡಿಮೆ ಮಾಡಬಹುದು. ಪೂರ್ತಿ ಗುಣ ಮಾಡುವುದು ಬಹುತೇಕ ಆಗುವುದಿಲ್ಲ. ಹಾಗಾಗಿ ರೋಗಿ ಬಾಗಿಲು ದಾಟಿ ಒಳಗೆ ಬರುವ ಹೊತ್ತಿಗೇ ಅರ್ಧ ಫಲಿತಾಂಶ ಬರೆದಾಗಿರುತ್ತದೆ. ಆಮೇಲೆ ಎಂಥ ಸರ್ಜನ್ ಇದ್ದರೂ ಅಷ್ಟೇ.

ಸ್ತನ ಕ್ಯಾನ್ಸರ್ ಒಂದೇ ಅಲ್ಲ. 1990ರ ಜನವರಿಯಲ್ಲಿ ಕಾಲಿನ್ ಮೆಕಾರ್ಡ್ ಮತ್ತು ಫ್ರೀಮನ್ ಬರೆದ ಒಂದು ಲೇಖನ ಅಮೆರಿಕದಲ್ಲಿ ದೊಡ್ಡ ಸುದ್ದಿಯಾಯಿತು. ಹಾರ್ಲೆಮ್‌ನ ಕಪ್ಪು ಗಂಡಸರು 65 ವರ್ಷ ಮುಟ್ಟುವ ಸಾಧ್ಯತೆ ಬಾಂಗ್ಲಾದೇಶದ ಗಂಡಸರಿಗಿಂತಲೂ ಕಡಿಮೆ ಅಂತ ಅದರಲ್ಲಿತ್ತು. ಜಗತ್ತಿನ ಅತ್ಯಂತ ಶ್ರೀಮಂತ ನಗರಗಳಲ್ಲಿ ಒಂದರ ನಡುವೆ ಇದು.

ಉಚಿತ ತಪಾಸಣೆ ಸಾಲಲಿಲ್ಲ

ಯಾರಿಗಾದರೂ ಮೊದಲು ಹೊಳೆಯುವ ಪರಿಹಾರವೇ ಫ್ರೀಮನ್‌ಗೂ ಹೊಳೆಯಿತು. ಜನ ತಡವಾಗಿ ಬರುತ್ತಿದ್ದಾರೆ, ದುಡ್ಡಿಲ್ಲದೆ ಬರುತ್ತಿಲ್ಲ, ಹಾಗಾದರೆ ತಪಾಸಣೆಯನ್ನೇ ಉಚಿತ ಮಾಡೋಣ. 1979ರಲ್ಲಿ ಹಾರ್ಲೆಮ್‌ನಲ್ಲಿ ಸ್ತನ ಮತ್ತು ಗರ್ಭಕಂಠ ಪರೀಕ್ಷೆಯ ಉಚಿತ ಕ್ಲಿನಿಕ್‌ಗಳು ಶುರುವಾದವು. ಹೆಂಗಸರು ಬಂದರು. ಗಂಟುಗಳು ಸಿಕ್ಕವು.

ಆಮೇಲೆ ಅವರಲ್ಲಿ ಹಲವರು ಬಯಾಪ್ಸಿಗೆ, ಅಂದರೆ ಗಂಟಿನ ಚೂರು ತೆಗೆದು ಕ್ಯಾನ್ಸರ್ ಹೌದೋ ಅಲ್ಲವೋ ನೋಡುವ ಪರೀಕ್ಷೆಗೆ, ಬರಲಿಲ್ಲ.

ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸುವ ಜಾಗ ಇದೇ. ಇಲ್ಲಿಗೆ ನಿಲ್ಲಿಸಿ "ಜನರಿಗೆ ಅರಿವಿಲ್ಲ, ನಾವು ಕರೆದರೂ ಬರಲ್ಲ" ಅಂತ ಕೈತೊಳೆದುಕೊಳ್ಳುವುದು ಬಹಳ ಸುಲಭ. ಎಷ್ಟೋ ಆರೋಗ್ಯ ಕಾರ್ಯಕ್ರಮಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ಈ ಹೆಂಗಸರು ಒಮ್ಮೆ ಬಂದವರು. ತಾವಾಗಿ ಕ್ಲಿನಿಕ್‌ಗೆ ನಡೆದು ಬಂದು ಪರೀಕ್ಷೆ ಮಾಡಿಸಿಕೊಂಡವರು. ಅರಿವೇ ಇಲ್ಲದವರು ಅದನ್ನಾದರೂ ಯಾಕೆ ಮಾಡುತ್ತಾರೆ, ಅಲ್ವಾ?

ಬಾರದಿರಲು ಕಾರಣ ಹುಡುಕಬೇಕಾದರೆ ಆ ದಾರಿಯಲ್ಲೇ ನಡೆದು ನೋಡಬೇಕು. ಹೀಗೊಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ಇವಳು ನಿಜವಾದ ಯಾರೋ ಒಬ್ಬಳಲ್ಲ, ಆದರೆ ಅಂದಿನ ವ್ಯವಸ್ಥೆಯಲ್ಲಿ ಇವಳ ದಾರಿ ಹೀಗೇ ಇರಬಹುದಿತ್ತು. ಗಂಟೆ ಲೆಕ್ಕದ ಕೂಲಿ ಕೆಲಸ, ಇಬ್ಬರು ಚಿಕ್ಕ ಮಕ್ಕಳು. ಗಂಟು ಕೈಗೆ ಸಿಗುತ್ತದೆ, ನೋವಿಲ್ಲ. ತುರ್ತು ವಿಭಾಗಕ್ಕೆ ಹೋದರೆ "ಇದು ತುರ್ತಲ್ಲ, ಕ್ಲಿನಿಕ್‌ಗೆ ಹೋಗಿ" ಅನ್ನುತ್ತಾರೆ. ಕ್ಲಿನಿಕ್‌ನ ಕೌಂಟರ್‌ನಲ್ಲಿ ಮೊದಲ ಪ್ರಶ್ನೆ: ವಿಮೆ ಇದೆಯಾ? ಇಲ್ಲ. ಹಾಗಾದರೆ ಮೆಡಿಕೇಡ್‌ಗೆ ಅರ್ಜಿ ಹಾಕಿ. ಮೆಡಿಕೇಡ್ ಅಂದರೆ 1965ರ ಕಾನೂನಿನಿಂದ ಬಂದ, ಬಡವರಿಗಾಗಿ ಇರುವ ಸರ್ಕಾರಿ ವಿಮೆ. ಅದಕ್ಕೆ ಆದಾಯದ ಮಿತಿ ಇದೆ. ಸಂಬಳ ಮಿತಿಗಿಂತ ಚೂರು ಜಾಸ್ತಿ ಇದ್ದರೂ ಅರ್ಜಿ ವಾಪಸ್. ಖಾಸಗಿ ವಿಮೆ ಕೊಳ್ಳುವಷ್ಟು ಸಂಬಳವೂ ಅಲ್ಲ.

ಹೇಗೋ ಒಂದು ದಿನಾಂಕ ಸಿಗುತ್ತದೆ. ಅವತ್ತು ಕೆಲಸಕ್ಕೆ ರಜೆ, ಅಂದರೆ ಕೂಲಿ ಹೋಯಿತು. ಅರ್ಧ ದಿನ ಬೆಂಚಿನ ಮೇಲೆ ಕೂತ ಮೇಲೆ ಡಾಕ್ಟರು ನೋಡಿ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಬರೆಯುತ್ತಾರೆ. ಅದಕ್ಕೆ ಬೇರೆ ದಿನ. ರಿಪೋರ್ಟ್ ಅಂಚೆಯಲ್ಲಿ ಬರುತ್ತದೆ, ಅಷ್ಟರಲ್ಲಿ ಬಾಡಿಗೆ ಕಟ್ಟಲಾಗದೆ ಮನೆ ಬದಲಾಗಿರುತ್ತದೆ. ಬಯಾಪ್ಸಿಗೆ ಮತ್ತೆ ಬೇರೆ ದಿನ, ಬೇರೆ ವಿಭಾಗ, ಬೇರೆ ಡಾಕ್ಟರು, ಅದೇ ವಿಮೆಯ ಪ್ರಶ್ನೆ. ಇಷ್ಟೆಲ್ಲದರ ನಡುವೆ ಗಂಟು ನೋಯುವುದೂ ಇಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ನೋಯಿಸುತ್ತದೆ. ಅವಳು ಯಾವುದನ್ನು ಮೊದಲು ನೋಡಿಕೊಳ್ಳುತ್ತಾಳೆ?

ಇದರಲ್ಲಿ ಯಾರೂ ಅವಳಿಗೆ ಚಿಕಿತ್ಸೆ ಕೊಡಲ್ಲ ಅಂತ ಹೇಳಿಲ್ಲ. ಪ್ರತಿ ಕೌಂಟರ್‌ನಲ್ಲೂ ಕೂತವರು ತಮ್ಮ ಪಾಲಿನ ಕೆಲಸ ನಿಯಮದಂತೆ ಮಾಡಿದ್ದಾರೆ. ಆಮೇಲೆ ಫೈಲ್‌ನಲ್ಲಿ ಸುಮ್ನೆ ಒಂದು ಸಾಲು: "ರೋಗಿ ಬರಲಿಲ್ಲ."

ಏಳು ನಗರಗಳಲ್ಲಿ ಕೇಳಿದ್ದು

ಫ್ರೀಮನ್ 1988–89ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಅಧ್ಯಕ್ಷರಾದರು. ಆ ಅವಧಿಯಲ್ಲಿ ಸಂಸ್ಥೆ ಏಳು ನಗರಗಳಲ್ಲಿ ಸಭೆ ನಡೆಸಿ, ಕ್ಯಾನ್ಸರ್ ಬಂದ ಬಡವರನ್ನೇ ಕೂರಿಸಿ ಮಾತಾಡಿಸಿತು. ಕಪ್ಪು, ಬಿಳಿ, ಲ್ಯಾಟಿನೋ, ಮೂಲನಿವಾಸಿ, ಎಲ್ಲ ಬಗೆಯ ಬಡವರೂ ಇದ್ದರು. 1989ರಲ್ಲಿ ವರದಿ ಬಂತು. ಬಡವರಿಗೆ ಒಳ್ಳೆಯ ಚಿಕಿತ್ಸೆ ಪಡೆಯಲು ಅಡ್ಡಿಗಳಿವೆ, ಹಾಗಾಗಿ ಅವರು ಹೆಚ್ಚು ನರಳುತ್ತಾರೆ, ಹೆಚ್ಚು ಸಾಯುತ್ತಾರೆ ಅನ್ನುವುದು ಅದರಲ್ಲಿ ನಿರೀಕ್ಷಿತ ಭಾಗ. ಚಿಕಿತ್ಸೆಗಾಗಿ ಅವರು ಮನೆಯ ಬೇರೆ ಅಗತ್ಯಗಳನ್ನು ಬಲಿಕೊಡಬೇಕಾಗುತ್ತದೆ, ಕೆಲವರು ಆಮೇಲೆ ಪ್ರಯತ್ನವನ್ನೇ ಬಿಡುತ್ತಾರೆ ಅನ್ನುವುದೂ ಇತ್ತು. ಇನ್ನೊಂದು ಮಾತು ಚುಚ್ಚುವಂಥದ್ದು. ಜನರಿಗೆ ಕೊಡುತ್ತಿರುವ ಕ್ಯಾನ್ಸರ್ ಶಿಕ್ಷಣ ಅವರ ಬದುಕಿಗೆ ಸಂಬಂಧವೇ ಇಲ್ಲದಂತಿದೆ ಅಂತ ವರದಿ ಹೇಳಿತು. ಕ್ಯಾನ್ಸರ್ ಬಂದರೆ ಮುಗಿಯಿತು ಅನ್ನುವ ಹತಾಶೆಯನ್ನೂ ಅದು ಗುರುತಿಸಿತು. ಆ ಹತಾಶೆಯನ್ನು ಮೂಢನಂಬಿಕೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಸುತ್ತಮುತ್ತ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಸತ್ತದ್ದನ್ನೇ ಕಂಡವರು ಇನ್ನೇನು ತಾನೇ ನಂಬಬೇಕು? ಹಾರ್ಲೆಮ್‌ನ 39 ಶೇಕಡಾ ಲೆಕ್ಕ ಅವರ ಕಣ್ಣೆದುರೇ ಇತ್ತು.

ಕೈಹಿಡಿದು ದಾಟಿಸುವವರು

1990ರಲ್ಲಿ, ಅದೇ ಸೊಸೈಟಿಯ ನೆರವಿನಿಂದ, ಹಾರ್ಲೆಮ್ ಆಸ್ಪತ್ರೆಯಲ್ಲಿ ಒಂದು ಹೊಸ ಕೆಲಸ ಹುಟ್ಟಿಕೊಂಡಿತು: ಪೇಷಂಟ್ ನ್ಯಾವಿಗೇಟರ್. ಇಂಥ ಕಾರ್ಯಕ್ರಮಗಳಲ್ಲಿ ಇದೇ ಮೊದಲನೆಯದು ಅಂತ ಹೇಳುತ್ತಾರೆ. ಮೊದಲು ಈ ಕೆಲಸಕ್ಕೆ ತೆಗೆದುಕೊಂಡಿದ್ದು ಡಾಕ್ಟರನ್ನಾಗಲಿ ನರ್ಸನ್ನಾಗಲಿ ಅಲ್ಲ. ಅಲ್ಲಿನ ಜನರ ನಡುವಿನವರನ್ನೇ ಆರಿಸಿ ತರಬೇತಿ ಕೊಟ್ಟರು.

ಕೆಲಸದ ಗಡಿ ಬಹಳ ಸ್ಪಷ್ಟವಾಗಿತ್ತು. ತಪಾಸಣೆಯಲ್ಲಿ ಅನುಮಾನ ಬಂದ ಕ್ಷಣದಿಂದ ಶುರು. ಅದು ಕ್ಯಾನ್ಸರ್ ಹೌದೋ ಅಲ್ಲವೋ ತಿಳಿದು, ಹೌದಾದರೆ ಚಿಕಿತ್ಸೆ ಸಿಗುವವರೆಗೆ. ಆ ಹಾದಿಯಲ್ಲಿ ಏನೇ ಅಡ್ಡ ಬಂದರೂ ತೆಗೆಯುವುದು ಇವರ ಜವಾಬ್ದಾರಿ.

ಈ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಮಹಾ ವಿಜ್ಞಾನವೇನೂ ಕಾಣುವುದಿಲ್ಲ. ಡಾಕ್ಟರು ವಿಷಯ ಹೇಳಿ ಎದ್ದು ಹೋದ ಮೇಲೆ ನ್ಯಾವಿಗೇಟರ್ ಪಕ್ಕದಲ್ಲಿ ಕೂರುತ್ತಾರೆ. ಮಂಗಳವಾರ ಬರೋಕೆ ಆಗುತ್ತಾ ಅಂತ ಕೇಳುತ್ತಾರೆ. "ಹೂಂ" ಅಂದರೆ ಅಷ್ಟಕ್ಕೇ ಬಿಡುವುದಿಲ್ಲ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಕೆಲಸದ ಕಡೆ ಏನು ಹೇಳುತ್ತೀರಿ? ಹೇಗೆ ಬರುತ್ತೀರಿ? ಡಾಕ್ಟರು ಹೇಳಿದ್ದರಲ್ಲಿ ಏನು ಅರ್ಥ ಆಯಿತು? ಏನಕ್ಕೆ ಭಯ? ಆ ಕೊನೇ ಪ್ರಶ್ನೆಗೆ ಉತ್ತರ ಬರಲು ಹೊತ್ತು ಬೇಕು. ಸಿಕ್ಕ ಉತ್ತರವನ್ನು ಹಿಡಿದು ಮುಂದಿನ ಕೆಲಸ: ಮೆಡಿಕೇಡ್ ಅರ್ಜಿ ಜೊತೆಯಲ್ಲೇ ಕೂತು ತುಂಬುವುದು, ತಿರಸ್ಕಾರ ಆದರೆ ಮೇಲ್ಮನವಿ, ವಾಹನದ ಏರ್ಪಾಡು, ಹಿಂದಿನ ದಿನ ಫೋನು, ಬರದಿದ್ದರೆ ಮತ್ತೆ ಹುಡುಕಿ ಮಾತಾಡುವುದು.

ಮೊದಲ ಫಲಿತಾಂಶಗಳನ್ನು 1995ರಲ್ಲಿ ಪ್ರಕಟಿಸಿದರು. ಸ್ತನದಲ್ಲಿ ಅನುಮಾನ ಕಂಡು ಬಯಾಪ್ಸಿ ಬರೆಸಿಕೊಂಡವರಲ್ಲಿ, ನ್ಯಾವಿಗೇಟರ್ ಸಿಕ್ಕವರ ಪೈಕಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿ ಬಯಾಪ್ಸಿ ಮಾಡಿಸಿಕೊಂಡಿದ್ದರು. ಸಿಗದವರಲ್ಲಿ ಅದು ಸುಮಾರು 57. ಮಾಡಿಸಿಕೊಂಡವರಲ್ಲೂ ವೇಗ ಬೇರೆ: ನ್ಯಾವಿಗೇಟರ್ ಇದ್ದವರಲ್ಲಿ ಸುಮಾರು 71 ಶೇಕಡಾ ನಾಲ್ಕು ವಾರದೊಳಗೆ ಮುಗಿಸಿದ್ದರು, ಇಲ್ಲದವರಲ್ಲಿ 39ರ ಆಸುಪಾಸು. ಜನ ಅದೇ, ಆಸ್ಪತ್ರೆ ಅದೇ, ಬಡತನವೂ ಅದೇ. "ಕರೆದರೂ ಬರಲ್ಲ" ಅನ್ನುವ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಆಮೇಲೆ 1995ರಿಂದ 2000ದವರೆಗೆ ಅಲ್ಲೇ ಚಿಕಿತ್ಸೆ ಪಡೆದ 325 ಸ್ತನ ಕ್ಯಾನ್ಸರ್ ರೋಗಿಗಳ ಲೆಕ್ಕ ಬಂತು. ಸೊನ್ನೆ (ಇನ್ನೂ ಹಬ್ಬಲು ಶುರುವಾಗದ) ಅಥವಾ ಒಂದನೇ ಹಂತದಲ್ಲಿ ಬಂದವರು 41 ಶೇಕಡಾ. ಮೂರು ಮತ್ತು ನಾಲ್ಕನೇ ಹಂತದವರು 21ಕ್ಕೆ ಇಳಿದಿದ್ದರು. ಐದು ವರ್ಷ ಬದುಕಿದವರು 70 ಶೇಕಡಾ.

ಇದರಲ್ಲಿ ನ್ಯಾವಿಗೇಟರ್‌ಗಳ ಪಾಲೆಷ್ಟು?

39ರಿಂದ 70. ಈ ಜೋಡಿ ಅಂಕಿಯನ್ನು ಭಾಷಣಗಳಲ್ಲಿ ಬಹಳ ಬಳಸುತ್ತಾರೆ. ಆದರೆ ಇಡೀ ಏರಿಕೆಯನ್ನು ಒಂದೇ ಖಾತೆಗೆ ಹಾಕಬಾರದು. ಎರಡು ಅವಧಿಗಳ ನಡುವೆ ಚಿಕಿತ್ಸೆಯೇ ಬದಲಾಗಿತ್ತು. ಶಸ್ತ್ರಚಿಕಿತ್ಸೆ ಆದ ಮೇಲೆ ಕೀಮೋ, ಟಾಮಾಕ್ಸಿಫೆನ್ ಎಂಬ ಹಾರ್ಮೋನ್ ತಡೆಯುವ ಮಾತ್ರೆ ಕೊಡುವುದು 1980ರ ದಶಕದಲ್ಲಿ ರೂಢಿಗೆ ಬಂತು. ಮ್ಯಾಮೊಗ್ರಾಂ ಎಲ್ಲ ಕಡೆ ಹಬ್ಬಿತು. ಇನ್ನೊಂದು ಲೆಕ್ಕದ ಸೂಕ್ಷ್ಮ ಇದೆ: ಬೇಗ ಪತ್ತೆಯಾದರೆ ಐದು ವರ್ಷದ ಗಡಿಯಾರವೂ ಬೇಗ ಓಡಲು ಶುರುವಾಗುತ್ತದೆ. ಹಾಗಾಗಿ ಆಯಸ್ಸು ಒಂದು ದಿನ ಹೆಚ್ಚದಿದ್ದರೂ "ಐದು ವರ್ಷ ಬದುಕಿದವರು" ಜಾಸ್ತಿ ಕಾಣಬಹುದು. ಹಾರ್ಲೆಮ್‌ನ ಹೋಲಿಕೆ ಹಿಂದು-ಮುಂದಿನ ಹೋಲಿಕೆ, ಎರಡು ಗುಂಪು ಮಾಡಿ ಚೀಟಿ ಎತ್ತಿ ನಡೆಸಿದ ಪ್ರಯೋಗವಲ್ಲ.

ನಾನು ಹೆಚ್ಚು ನಂಬುವುದು ಬಯಾಪ್ಸಿಯ ಲೆಕ್ಕವನ್ನು. ಅಲ್ಲಿ ಹೋಲಿಕೆ ಒಂದೇ ಕಾಲದ್ದು, ಅಳೆದದ್ದೂ ನ್ಯಾವಿಗೇಟರ್ ಮಾಡುವ ಕೆಲಸವನ್ನೇ. ನಂತರ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹಲವು ಕೇಂದ್ರಗಳಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಅಧ್ಯಯನ ನಡೆಸಿತು. ಅದರ ಫಲಿತಾಂಶ 2014ರಲ್ಲಿ ಬಂತು. ಮೊದಲ 90 ದಿನಗಳಲ್ಲಿ ನ್ಯಾವಿಗೇಟರ್ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಅದಾದ ಮೇಲೆ ಕಂಡಿತು. ಎಲ್ಲಿ ಮೊದಲೇ ಬಹಳ ತಡವಾಗುತ್ತಿತ್ತೋ ಅಲ್ಲಿ ಲಾಭವೂ ಹೆಚ್ಚು. ನನಗೆ ಇದು ಹಾರ್ಲೆಮ್‌ನ ಕಥೆಯನ್ನು ಅಲ್ಲಗಳೆಯುವಂತೆ ಕಾಣುವುದಿಲ್ಲ. ತಾವಾಗಿಯೇ ದಾಟಿಕೊಳ್ಳಬಲ್ಲವರು ಮೂರು ತಿಂಗಳಲ್ಲಿ ದಾಟಿರುತ್ತಾರೆ. ಸಿಕ್ಕಿಕೊಂಡು ಉಳಿದವರಿಗೆ ಇನ್ನೊಬ್ಬರ ಕೈ ಬೇಕು.

ಬಡತನವೋ, ಬಣ್ಣವೋ

ಫ್ರೀಮನ್ ಮೊದಲಿನಿಂದಲೂ ಹೇಳುತ್ತಾ ಬಂದದ್ದು: ಕಪ್ಪು ಜನರ ಕ್ಯಾನ್ಸರ್ ಸಾವಿನ ಹಿಂದೆ ಇರುವುದು ಮುಖ್ಯವಾಗಿ ಬಡತನ, ಜನಾಂಗ ಅನ್ನುವುದು ಸಮಾಜ ಮಾಡಿಕೊಂಡ ವಿಂಗಡಣೆ, ದೇಹದ ಗುಣವಲ್ಲ. ಈ ವಾದದಲ್ಲಿ ಬಹುಪಾಲು ನಿಜವಿದೆ. ಆದರೆ ದುಡ್ಡಿನ ತೊಡಕು ಬಿಡಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಅದನ್ನು ಓದಿದರೆ ತಪ್ಪಾಗುತ್ತದೆ. 1999ರಲ್ಲಿ ಬಂದ ಒಂದು ಅಧ್ಯಯನ 65 ದಾಟಿದ, ಆರಂಭಿಕ ಹಂತದ ಶ್ವಾಸಕೋಶ ಕ್ಯಾನ್ಸರ್ ಇದ್ದ ಸುಮಾರು 11 ಸಾವಿರ ಜನರನ್ನು ನೋಡಿತು. ಎಲ್ಲರಿಗೂ ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರಿಗಾಗಿ ಇರುವ ಸರ್ಕಾರಿ ವಿಮೆ, ಇತ್ತು. ಎಲ್ಲರದ್ದೂ ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾದ ಹಂತ. ಆದರೂ ಬಿಳಿಯರಲ್ಲಿ ಸುಮಾರು 77 ಶೇಕಡಾ ಜನರಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಕಪ್ಪು ಜನರಲ್ಲಿ 64. ವಿಮೆ ಒಂದೇ ಇದ್ದರೂ, ಡಾಕ್ಟರು ಏನು ಸೂಚಿಸಿದರು, ಹೇಗೆ ಹೇಳಿದರು, ರೋಗಿ ಅವರನ್ನು ಎಷ್ಟು ನಂಬಿದರು ಅನ್ನುವುದೆಲ್ಲ ಬಾಕಿ ಉಳಿಯುತ್ತದೆ.

ಚಿಕಿತ್ಸೆ ಶುರುವಾದ ಮೇಲೂ ಮನೆಯ ಪರಿಸ್ಥಿತಿ ಒಳಗೆ ಬಂದು ಕೂರುತ್ತದೆ. 1985ರಲ್ಲಿ ಬರ್ನಾರ್ಡ್ ಫಿಷರ್ ಮತ್ತು ಜೊತೆಯವರ ಪ್ರಯೋಗ ಒಂದು ದೊಡ್ಡ ವಿಷಯ ತೋರಿಸಿತು: ಇಡೀ ಸ್ತನ ತೆಗೆಯದೆ ಗೆಡ್ಡೆ ಮಾತ್ರ ತೆಗೆದರೂ ಬದುಕುಳಿಯುವ ಲೆಕ್ಕ ಅಷ್ಟೇ. ಗೆಡ್ಡೆ ಅದೇ ಸ್ತನದಲ್ಲಿ ಮತ್ತೆ ಬರದಿರಲು ಮಾತ್ರ ರೇಡಿಯೇಷನ್ ಬೇಕು. ಆಗಿನ ರೂಢಿಯಲ್ಲಿ ರೇಡಿಯೇಷನ್ ಅಂದರೆ ವಾರಕ್ಕೆ ಐದು ದಿನದಂತೆ ಐದಾರು ವಾರ ಆಸ್ಪತ್ರೆಗೆ ಓಡಾಟ. ಅಷ್ಟು ರಜೆ ಯಾರಿಗಿದೆ? ರಜೆ ಇಲ್ಲದವಳು ಸ್ತನವನ್ನೇ ತೆಗೆಸಿಕೊಳ್ಳುತ್ತಾಳೆ. ಫೈಲ್‌ನಲ್ಲಿ ಅದು "ರೋಗಿಯ ಆಯ್ಕೆ" ಅಂತ ದಾಖಲಾಗುತ್ತದೆ.

ಕಾನೂನು ನಡೆದ ದಾರಿ

ಹಾರ್ಲೆಮ್ 1979ರಲ್ಲಿ ಎಡವಿದ ಕಲ್ಲಿಗೇ ಇಡೀ ದೇಶವೂ ಎಡವಿತು. 1990ರಲ್ಲಿ ಅಮೆರಿಕದ ಸಂಸತ್ತು ಬಡ ಹೆಂಗಸರಿಗೆ ಸ್ತನ ಮತ್ತು ಗರ್ಭಕಂಠ ಕ್ಯಾನ್ಸರ್ ತಪಾಸಣೆ ಕೊಡುವ ಕಾನೂನು ಮಾಡಿತು. ತಪಾಸಣೆಗೆ ದುಡ್ಡಿತ್ತು, ಕ್ಯಾನ್ಸರ್ ಸಿಕ್ಕರೆ ಚಿಕಿತ್ಸೆಗೆ ಇರಲಿಲ್ಲ. ಅಂಥವರನ್ನು ಮೆಡಿಕೇಡ್‌ಗೆ ಸೇರಿಸಿಕೊಳ್ಳಲು ರಾಜ್ಯಗಳಿಗೆ ದಾರಿ ಮಾಡಿಕೊಟ್ಟ ಕಾನೂನು ಬಂದಿದ್ದು 2000ದಲ್ಲಿ. ನಡುವೆ ಹತ್ತು ವರ್ಷ.

ನ್ಯಾವಿಗೇಟರ್‌ಗಳ ಕಾನೂನು 2005ರಲ್ಲಿ ಬಂತು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಕಮಿಷನ್ ಆನ್ ಕ್ಯಾನ್ಸರ್ 2012ರ ಮಾನದಂಡಗಳಲ್ಲಿ ನ್ಯಾವಿಗೇಷನ್ ಸೇರಿಸಿ, 2015ರ ಹೊತ್ತಿಗೆ ಜಾರಿ ಮಾಡಿಸಿತು. ಆದರೂ ಸಂಬಳ ಯಾರು ಕೊಡಬೇಕು ಅನ್ನುವುದು ಬಗೆಹರಿದಿರಲಿಲ್ಲ. ಬಹಳ ಕಡೆ ನ್ಯಾವಿಗೇಟರ್ ಕೆಲಸ ಅನುದಾನದ ಮೇಲೆ ನಿಂತಿತ್ತು. ಅನುದಾನ ಮುಗಿದರೆ ಕೆಲಸವೂ ಮುಗಿಯಿತು. ಕೀಮೋ ಹಾಕಿದರೆ ಬಿಲ್ ಮಾಡಬಹುದು, ರೋಗಿಯನ್ನು ಕೀಮೋ ಕುರ್ಚಿಯವರೆಗೆ ತಲುಪಿಸಿದ್ದಕ್ಕೆ ಬಿಲ್ ಇರಲಿಲ್ಲ.

2024ರ ಜನವರಿಯಿಂದ ಮೆಡಿಕೇರ್ ಇದಕ್ಕೂ ಹಣ ಕೊಡುತ್ತಿದೆ. ಡಾಕ್ಟರ ಮೊದಲ ಭೇಟಿ ಆದ ಮೇಲೆ, ತಿಂಗಳಿಗೆ 60 ನಿಮಿಷದ ನ್ಯಾವಿಗೇಷನ್ ಕೆಲಸಕ್ಕೆ ಬಿಲ್ ಮಾಡಲು ಒಂದು ಕೋಡ್, ಅದಕ್ಕಿಂತ ಹೆಚ್ಚಾದರೆ ಇನ್ನೊಂದು. ಈ ಸೇವೆಗೂ ಮೆಡಿಕೇರ್‌ನ ಮಾಮೂಲಿ ನಿಯಮವೇ ಅನ್ವಯ: ಬೇರೆ ಪೂರಕ ವಿಮೆ ಇಲ್ಲದಿದ್ದರೆ ಬಿಲ್ಲಿನ 20 ಶೇಕಡಾ ರೋಗಿಯೇ ಕಟ್ಟಬೇಕು. ಅದಕ್ಕೇ ಕೆಲಸ ಶುರು ಮಾಡುವ ಮೊದಲು ರೋಗಿಯ ಒಪ್ಪಿಗೆ ಪಡೆಯಬೇಕು ಅಂತಲೂ ನಿಯಮವಿದೆ. ದುಡ್ಡಿಲ್ಲದ್ದಕ್ಕೆ ದಾರಿಯಲ್ಲಿ ಸಿಕ್ಕಿಕೊಂಡ ರೋಗಿಯ ಪಕ್ಕ ಕೂತು ನ್ಯಾವಿಗೇಟರ್ ಕೇಳಬೇಕಾದ ಮೊದಲ ಮಾತು ಈಗ ಇದು: ನನ್ನ ಸಹಾಯಕ್ಕೂ ನಿಮಗೊಂದು ಬಿಲ್ ಬರಬಹುದು, ಆಗಬಹುದಾ?